ಥಾಮಸಿನ್‌ಗೆ ಎಷ್ಟು ವಯಸ್ಸು

ಆ ದೀಪ ಸ್ವಲ್ಪ ಸಣ್ಣ ಮಾಡಿ, ಹೇಳ್ತೀನಿ. ಇದು ನನ್ನ ಚಿಕ್ಕಪ್ಪನ ಮಗಳು ಡ್ರೂಸಿಲಾಗೆ ಆಗಿದ್ದು. ನಮ್ಮ ವರ್ಜೀನಿಯಾದಲ್ಲೇ, ಇಲ್ಲಿಂದ ಹನ್ನೆರಡು ಮೈಲಿ ಆಚೆ... ಹಾಲ್‌ಸ್ಟೋ ಮನೆತನದ ಹಳೇ ಬಾವಿ ಹತ್ತಿರ.

ಡ್ರೂಸಿಲಾ ಕಸುಬು ವಂಶಾವಳಿ ಹುಡುಕೋದು. ಮುನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಿಂದ ಹಡಗಲ್ಲಿ ಬಂದು ಇಲ್ಲಿ ಜಮೀನ್ದಾರರಾದವರ ಮನೆತನಗಳಿದಾವಲ್ಲ, ಅವರಿಗೆ ತಮ್ಮ ಬೇರು ಎಲ್ಲಿದೆ ಅಂತ ಕಾಗದಪತ್ರ ಸಮೇತ ಬೇಕು. ಆ ಸಲ ಕೆಲಸ ಕೊಟ್ಟವರು ಮಿಸೆಸ್ ಆರ್ಡೆಲ್ ಹಾಲ್‌ಸ್ಟೋ. ಎಂಬತ್ತು ದಾಟಿದ್ರೂ ಗತ್ತು ಇಳಿದಿರಲಿಲ್ಲ.

ಅವರ ಮನೆತನದ ಅಚ್ಚಿನ ಪುಸ್ತಕದಲ್ಲಿ ಹೀಗಿತ್ತು: ಕರ್ನಲ್ ಹಾಲ್‌ಸ್ಟೋಗೆ ಒಬ್ಬಳೇ ಮಗಳು, ಥಾಮಸಿನ್. ಎಂಟು ತಿಂಗಳ ಕೂಸಾಗಿದ್ದಾಗಲೇ ತೀರಿಹೋದಳು. ಜಮೀನೆಲ್ಲ ಕರ್ನಲ್ಲನ ತಮ್ಮ ಗಿಲ್ಬರ್ಟ್‌ಗೆ ಬಂತು. ಮಿಸೆಸ್ ಆರ್ಡೆಲ್ ಆ ಗಿಲ್ಬರ್ಟನ ಸಂತತಿ. ಆದರೆ ಹಳೇ ಕೋರ್ಟಿನ ದಫ್ತರದಲ್ಲಿ ಡ್ರೂಸಿಲಾಗೆ ಒಂದು ಅರ್ಜಿ ಸಿಕ್ತು. ಅಪ್ಪನ ಜಮೀನು ಚಿಕ್ಕಪ್ಪ ಬಿಡ್ತಿಲ್ಲ, ನನಗೆ ಕೊಡಿಸಿ ಅಂತ ಥಾಮಸಿನ್ನೇ ಕೊಟ್ಟಿದ್ದು. ವಯಸ್ಸು ಹತ್ತೊಂಬತ್ತು. ವಿಚಾರಣೆ ದಿನ ಅವಳು ಬರಲಿಲ್ಲ ಅಂತ ಗುಮಾಸ್ತ ಬರೆದಿದ್ದ. ಆಮೇಲೆ... ಎಲ್ಲೂ ಅವಳ ಹೆಸರಿಲ್ಲ.

ಡ್ರೂಸಿಲಾ ಹೋಗಿ ಹೇಳಿದಳು. ಮುದುಕಿ ಚಹಾ ಕಪ್ಪು ಕೆಳಗಿಟ್ಟು, "ನೋಡಮ್ಮ, ಮುನ್ನೂರು ವರ್ಷ ಕೂಸಾಗೇ ಇದ್ದವಳು ಈಗ್ಯಾಕೆ ದೊಡ್ಡವಳಾಗಬೇಕು? ಪುಸ್ತಕದಲ್ಲಿ ಇದ್ದ ಹಾಗೇ ಬರಿ" ಅಂದಳು.

ಇವಳು ಬರೆದಳು. ಎದುರಾಡೋಕೆ ಧೈರ್ಯ ಸಾಲಲಿಲ್ಲ ಅಂತ ಅವಳೇ ನನ್ನ ಹತ್ತಿರ ಒಪ್ಪಿಕೊಂಡಿದಾಳೆ.

ಉಳಿದಿದ್ದು ಮನೆತನದ ಸಮಾಧಿ ಕಲ್ಲು ನೋಡಿ ತಾರೀಖು ತಾಳೆ ಹಾಕೋದು. ಅಕ್ಟೋಬರ್ ಸಂಜೆ ಒಬ್ಬಳೇ ಹೋದಳು. ಪಾಚಿ ಉಜ್ಜಿ ಉಜ್ಜಿ ಓದುತ್ತಾ ಕೂತವಳಿಗೆ ಕತ್ತಲಾಗಿದ್ದೇ ತಿಳಿಯಲಿಲ್ಲ. ಕಾರು ದೂರದ ರಸ್ತೆಯಲ್ಲಿತ್ತು. ಕಾಲುದಾರಿ ಆ ಬಾವಿ ಪಕ್ಕದಲ್ಲೇ ಹೋಗುತ್ತೆ. ಇಟ್ಟಿಗೆ ಬಾವಿ, ಬಾಯಿಗೆ ದಪ್ಪ ಹಲಗೆ ಹೊಡೆದು ಮುಚ್ಚಿದಾರೆ.

ಟಕ್...

ಡ್ರೂಸಿಲಾ ನಿಂತಳು.

ಟಕ್... ಟಕ್... ಹಲಗೆ ಅಡಿಯಿಂದ. ಬೆರಳಿನ ಗೆಣ್ಣಲ್ಲಿ ಬಾಗಿಲು ತಟ್ಟಿದ ಹಾಗೆ. ನಿಧಾನ. ಆಮೇಲೆ ಕರ್‌ರ್‌ರ್... ಉಗುರು ಎಳೆದ ಸದ್ದು.

ಓಡಬೇಕು ಅಂದ್ಕೊಂಡಳು. ರಸ್ತೆ ಕಡೆ ತಿರುಗಿದಳು. ಆಗ ದನಿ ಕೇಳಿಸ್ತು. ಅದು ಬಾವಿಯಿಂದ ಬರಲಿಲ್ಲ... ಅವಳ ಬಲಗಿವಿ ಪಕ್ಕದಿಂದ ಬಂತು. ಪಿಸುದನಿ. ಹುಡುಗಿಯದು.

"ನನ್ನ ವಯಸ್ಸು ಎಷ್ಟು ಅಂತ ಬರೆದೆ?"

ಇವಳಿಗೆ ಸುಳ್ಳು ಹೇಳೋಕೂ ಆಗಲಿಲ್ಲ. "ಎಂಟು... ಎಂಟು ತಿಂಗಳು."

ಜೀರುಂಡೆಗಳೆಲ್ಲ ಒಮ್ಮೆಲೇ ನಿಂತವು. ಅಷ್ಟರಲ್ಲಿ ಕೆಳಗಿಂದ ದಢಾರ್ ಅಂತ ಒಂದು ಏಟು. ಹಲಗೆ ಅದುರಿ ಮೊಳೆಗಳು ಕಿರುಗುಟ್ಟಿದವು.

"ಎಂಟು ತಿಂಗಳ ಕೂಸು ಇಷ್ಟು ಜೋರಾಗಿ ಬಡಿಯುತ್ತಾ?"

ಡ್ರೂಸಿಲಾ ಅಲ್ಲೇ ಕೂತಳು. ಚೀಲದಿಂದ ಹಾಳೆ, ಪೆನ್ಸಿಲ್ ಎಳೆದು, ಕಣ್ಣು ಕಾಣದ ಕತ್ತಲಲ್ಲಿ, ಹಳೇದು ಹೊಡೆದುಹಾಕಿ ಹತ್ತೊಂಬತ್ತು ಅಂತ ಬರೆದಳು. ಬರೀವಾಗ ತನ್ನ ಕೈ ಮೇಲೆ ಇನ್ನೊಂದು ತಣ್ಣನೆ ಕೈ ಇತ್ತು ಅಂತಾಳೆ. ಅದು ತಳ್ಳಲಿಲ್ಲ, ಎಳೀಲಿಲ್ಲ... ಸುಮ್ಮನೆ ಇತ್ತು. ಸದ್ದು ನಿಂತಿತು.

ಅಲ್ಲಿಂದ ನೇರ ನನ್ನ ಮನೆಗೆ ಬಂದಳು. ಬೆಳಗಿನ ತನಕ ದೀಪ ಆರಿಸೋಕೆ ಬಿಡಲಿಲ್ಲ. ಮಾರನೇ ದಿನ ಸರಿಪಡಿಸಿದ ವಂಶಾವಳಿ ಜೊತೆ ಅರ್ಜಿ ನಕಲನ್ನೂ ಮಿಸೆಸ್ ಆರ್ಡೆಲ್‌ಗೆ ಕಳಿಸಿದಳು. ಮುದುಕಿ ಅದನ್ನ ವಾಪಸ್ ಕಳಿಸಿ ಬೇರೆಯವರನ್ನ ಹಿಡಿದಳು. ಡ್ರೂಸಿಲಾ ಇನ್ನೊಂದು ಪ್ರತಿ ನಮ್ಮೂರ ಗ್ರಂಥಾಲಯದಲ್ಲಿ ಇಟ್ಟಳು, ಯಾರು ಬೇಕಾದರೂ ಓದಲಿ ಅಂತ. ಈಗಲೂ ಅಲ್ಲೇ ಇದೆ.

ಹೆದರಿದವಳಿಗೆ ಏನೇನೋ ಕೇಳಿಸುತ್ತೆ ಅಂತೀರಿ. ಅನ್ನಿ. ಆದರೆ ಆ ರಾತ್ರಿ ಅವಳ ಕೈ ತೊಳೆಸಿದ್ದು ನಾನು. ಬಲಗೈ ನಡುಬೆರಳಿನ ಉಗುರಿನ ಒಳಗೆ ಆ ಹಳೇ ಅರ್ಜಿಯಲ್ಲಿರೋ ಥರದ ಕಂದು ಮಸಿ ಇಳಿದಿತ್ತು. ಹಳೇ ಕಾಗದಕ್ಕೆ ಕಲೆಯಾಗುತ್ತೆ ಅಂತ ದಫ್ತರದ ಕೋಣೆಗಳಿಗೆ ಪೆನ್ನು ಬಿಡಲ್ಲ, ಅವಳ ಚೀಲದಲ್ಲಿ ಯಾವತ್ತೂ ಇರೋದು ಬರೀ ಪೆನ್ಸಿಲ್. ಸೋಪು, ನಿಂಬೆಹಣ್ಣು, ಎಲ್ಲ ಹಾಕಿ ಉಜ್ಜಿದೆ. ಹೋಗಲಿಲ್ಲ. ಉಗುರು ಬೆಳೀತಾ ಬೆಳೀತಾ ಆ ಕಲೆ ಈಸ್ಟರ್ ಹೊತ್ತಿಗೆ ತುದಿಗೆ ಬಂತು.

ಕತ್ತರಿಸಿದ್ದೂ ನಾನೇ. ಈ ಕೈಯಲ್ಲೇ.