ಸಕ್ಕರೆಯಿಲ್ಲದ ಕಾಫಿ

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕಕ್ಕೆ ಒಬ್ಬ ಲಾರಿ ಡ್ರೈವರ್, ಅವನಾಚೆ ಅವನ ಅಕ್ಕ.

"ಹೋದ ಸಲ ಡಾಕ್ಟ್ರು ಹೇಳಿದ್ರು ಅಕ್ಕಾ, ನಿದ್ದೆ ಬರಬಾರ್ದು ಅಂತ ನಾನು ನುಂಗ್ತಿದ್ನಲ್ಲ, ಆ ಮಾತ್ರೆ ಮಿದುಳಲ್ಲಿ ಡೋಪಮೈನ್ ಅನ್ನೋ ಖುಷಿ ಕೊಡೋ ರಸಾನ ಹೊಳೆ ಥರ ಹರಿಸ್ತಿತ್ತಂತೆ. ಮಿದುಳು ಅದಕ್ಕೇ ಒಗ್ಗಿಹೋಯ್ತಂತೆ. ಅದಕ್ಕೇ ಈಗ ಸಣ್ಣಪುಟ್ಟ ಖುಷಿ ನಾಟೋದೇ ಇಲ್ಲ."

"ಸರಿಹೋಗತ್ತಂತಾ?"

"ನಿಧಾನಕ್ಕೆ. ಅಕ್ಕಾ, ಮಾತ್ರೆನೆಲ್ಲ ನೀನು ಮೋರಿಗೆ ಸುರಿದಾಗ ನಾನು ಬಾಯಿಗೆ ಬಂದಂಗೆ ಬೈದೆ. ಸುರಿದಿದ್ದಕ್ಕೇ ಇವತ್ತು ಬದುಕಿದೀನಿ."

"ಬಿಡೋ, ಅದೆಲ್ಲ ಯಾಕೀಗ?"

"ಇನ್ನೊಂದ್ ಮಾತು. ಬೆಳಗ್ಗೆ ಕೊಟ್ಟ ಕಾಫೀಲಿ ಸಕ್ಕರೇನೇ ಇರ್ಲಿಲ್ಲ. ಥೂ, ಬಾಯಿಗಿಡೋಕಾಗ್ಲಿಲ್ಲ."

ಅಕ್ಕ ಅವನ ಮುಖವನ್ನೇ ನೋಡಿದಳು.

"ಸಕ್ಕರೆ ಮುಗಿದು ಮೂರು ದಿನ ಆಯ್ತು ಕಣೋ. ನಿನ್ನೆವರೆಗೂ ನೀನು ರುಚಿನೇ ಗೊತ್ತಾಗ್ದಂಗೆ ಸುಮ್ನೆ ಕುಡ್ಕೊಂಡು ಎದ್ದುಹೋಗ್ತಿದ್ದೆ."

ನರ್ಸ್ ಕರೆದರು. ಅಕ್ಕ ಕಣ್ಣೊರೆಸಿಕೊಂಡು ಎದ್ದಳು.

"ನಡಿ, ಡಾಕ್ಟ್ರ ಮುಂದೆ ಮೊದ್ಲು ನನ್ನ ಕಾಫೀನ ಬೈಯಿ."