ಗೊಂಬೆ ಅತ್ತೆಮ್ಮನ ಎಲಡಿಕೆ ಚೀಲ

ಅದಲ್ಲ ಕಣ್ ಮಗ, ನಾನ್ ಯೋಳ್ತಿರೋದು ಕೊರೊನಾ ಕಳದ್ ಮೇಲಿನ ಮಾತು. ಚನ್ನಪಟ್ಟಣದಾಗೆ ನಾನು ಗೊಂಬೆಗೆ ಬಣ್ಣ ಹಾಕ್ತಿದ್ದ ಕಾರ್ಖಾನೆ ಬಾಗ್ಲಾಕ್ಬುಟ್ರು. ಒಲೆ ಹಚ್ಚಕ್ಕೇ ಯೋಚ್ನೆ. ಆಗ ಸುರು ಮಾಡ್ದೆ ನೋಡು ಮನೇಲೆ, ಮರದ ತಲೆ, ಬಟ್ಟೆ ಮೈ, ಕುರಿ ಉಣ್ಣೆ ಕೂದ್ಲು. ಮೊದಲ್ನೇ ಆರ್ಡ್ರು ಕೆಂಪಾಪುರದ ಗೌಡ್ರ ಮನೇದು. ಸತ್ತೋಗಿದ್ದ ಅವರತ್ತೆ, ಅಲ್ಲ, ಗೌಡ್ರಿಗೆ ಅವ್ವ, ಹೆಂಡ್ತಿ ಸಾವಿತ್ರಮ್ಮಂಗೆ ಅತ್ತೆ, ಆಯಮ್ಮನ ಸೀರೇಲೆ ಆಯಮ್ಮನ ಗೊಂಬೆ ಮಾಡ್ಕೊಡು, ವರ್ಷದ ತಿಥಿಗೆ ಎಡೆ ಮುಂದೆ ಕೂರಿಸ್ತೀವಿ ಅಂದ್ರು. ಇದ್ ಕೆಟ್ರೆ ಇನ್ಯಾರೂ ನನ್ ಬಾಗ್ಲಿಗೆ ಬರಲ್ಲ. ಸಾವಿತ್ರಮ್ಮ ಒಂದೇ ಮಾತಂದ್ಲು, "ಸೊಂಟದಾಗೆ ಎಲಡಿಕೆ ಚೀಲ ಇರ್ಲಿ ಕಣಕ್ಕ, ಉಬ್ಬಿರ್ಲಿ. ಸಾಯೋಗಂಟ ಅದ್ರಾಗಿಂದ ನಂಗೊಂದ್ ಅಡಿಕೆ ಚೂರು ಕೊಡ್ಲಿಲ್ಲ." ಉಬ್ಬಕ್ಕೆ ಏನ್ ತುಂಬದು? ಮನೇಲಿ ನಾವೇ ಬೆಳೆದಿದ್ದ ರೇಷ್ಮೆ ಗೂಡು ತುಂಬ್ದೆ. "ಬಿಸ್ಲಿಗ್ ಹಾಕಿದ್ಯಾ, ಒಳಗಿನ್ ಹುಳ ಸತ್ತವಾ?" ಅಂತ ನಿಮ್ಮ ತಾತನ್ನ ಕೇಳಿದ್ರೆ, "ಹೂಂ ಕಣೆ, ಒಣಗಿ ಗರಿಗರಿ" ಅಂತು. ಹುಣಸೆ ಮರದ ನೆಳ್ಳಲ್ಲಿ ಹಾಕಿತ್ತು ಪುಣ್ಯಾತ್ಮ.

ತಿಥಿ ದಿನ ಗೊಂಬೆ ಕೂರಿಸಿ, ಒಬ್ಬಟ್ಟು, ಮುದ್ದೆ, ಕೋಳಿ ಸಾರು ಎಲ್ಲಾ ಎಡೆ ಇಟ್ಟು, ಸತ್ತೋರು ಬಂದು ಉಂಡ್ಕೊಂಡ್ ಹೋಗ್ಲಿ ಅಂತ ಬಾಗ್ಲು ಹಾಕ್ಕಂಡು ಎಲ್ರೂ ಜಗಲಿ ಮೇಲೆ ಕುಂತ್ವು. ಒಸಿ ಹೊತ್ತಾದ್ಮೇಲೆ ಗೌಡ್ರು ಕೆಮ್ಮಿ ಬಾಗ್ಲು ತೆಗೆದ್ರೆ, ಚೀಲದ ಬಾಯಿಂದ ಬಿಳೀ ಚಿಟ್ಟೆಗಳು ಒಂದರ ಹಿಂದೊಂದು ಇಳೀತಾ ಅವೆ. ಹಾರಕ್ಕೂ ಬರಲ್ಲ ಅವಕ್ಕೆ, ಪಟಪಟ ರೆಕ್ಕೆ ಬಡ್ಕಂಡು ಒಬ್ಬಟ್ಟಿನ್ ಮೇಲೆ ನಡೀತಾವೆ. ಅಲ್ಲಿದ್ದೋರೆಲ್ಲ ಹುಳ ಸಾಕೋರೇ, ರೇಷ್ಮೆ ಚಿಟ್ಟೆ ಅಂತ ಕೂಸಿಗೂ ಗೊತ್ತು. ಒಬ್ರಾದ್ರೂ ಬಾಯ್ ಬುಡ್ಬೇಕಲ್ಲ, ಊಹೂಂ. ಗೌಡ್ರು ಟವಲ್ ತೆಗ್ದು ಕೈಮುಗ್ದು, "ಅವ್ವ, ಸಾರಿಗೆ ಉಪ್ಪು ಸಾಕಾ?" ಅಂತ ಕೇಳ್ತಾರೆ. ಅವರ ತಮ್ಮ, "ಅಣ್ಣ, ಇದ್ರಾಗೆ ಅವ್ವ ಯಾವ್ದು?" "ದಪ್ಪಗಿರೋದು ಕಣ್ಲಾ, ಸುಮ್ಕಿರು." ಆ ದಪ್ಪಂದು, ಎಲೆ ತೆಗೆಯಕ್ಕೆ ಬಂದ ಸಾವಿತ್ರಮ್ಮನ ಅಂಗೈ ಹತ್ತಿ ಕುಂತ್ಕತು. ಅವ್ಳು ಗೊಳೋ ಅಂತ ಅತ್ಬುಟ್ಲು. "ಕೊನೆಗೂ ನಂಗೆ ಚೀಲ ಬಿಚ್ಚಿದ್ಯಾ ಅತ್ತೆಮ್ಮ" ಅಂತಾಳೆ. ಗೂಡು ಒಣಗಿರ್ಲಿಲ್ಲ ಕಣವ್ವ ಅನ್ನದು ನನ್ ನಾಲ್ಗೆ ತುದೀಗ್ ಬಂದಿತ್ತು. ನುಂಗ್ಕಂಡೆ. ನಂಗೂ ಅಳು ಬಂತು, ಸುಳ್ಳ್ಯಾಕೆ.

ಆಮೇಲೆ ಅದೇ ಬೀದಿಯಿಂದ ಎಷ್ಟ್ ಸೀರೆ ಬಂದ್ವು ಗೊತ್ತಾ, ಎಲ್ರಿಗೂ ಚೀಲ ಇರೋ ಅತ್ತೇನೇ ಬೇಕು. ನಿಮ್ಮ ತಾತ ಈಗ್ಲೂ ಗೂಡ್ನ ನೆಳ್ಳಲ್ಲೇ ಹಾಕ್ತದೆ, ನಾನೂ ಏನೂ ಅನ್ನಕ್ಕೋಗಲ್ಲ. ಅದಕ್ಕೇ ಯೋಳದು ಮಗ, ಯಾರಾದ್ರೂ ಅತ್ತು ಹಗುರ ಆಯ್ತಿದ್ರೆ ಮಧ್ಯ ಹೋಗಿ ಬುದ್ಧಿ ಯೋಳ್ಬ್ಯಾಡಿ. ಏಳಿ, ಮುದ್ದೆ ಆರೋಯ್ತದೆ.