ಮ್ಯಾನೇಜರ್ ನುಂಗಿಕೊಂಡ ಒಂದು ಮಾತು

ಒಂದು ಪಟ್ಟಣ. ಅಲ್ಲೊಬ್ಬ ಶ್ರೀಮಂತ. ಅವನು ಕಟ್ಟಡ ಕಟ್ಟುತ್ತಿರಲಿಲ್ಲ, ನೋಡಿ. ದೊಡ್ಡ ದೊಡ್ಡ ಆಫೀಸು ಕಟ್ಟಡಗಳನ್ನು ಕೊಳ್ಳುವವರಿಗೆ ಬಂಡವಾಳ ಹೊಂದಿಸಿಕೊಡುತ್ತಿದ್ದ. ಅವನ ಕೈಕೆಳಗೆ ಒಬ್ಬ ಮ್ಯಾನೇಜರ್. ಕಥೆ ಈ ಮ್ಯಾನೇಜರನದು. ಭಾನುವಾರದ ಧ್ಯಾನಕ್ಕೆ ಬಂದು ಕೂತಿದ್ದೀರಿ; ಶ್ರೀಮಂತರನ್ನು ಬೈದರೆ ನಿಮಗೆ ಖುಷಿ. ಆ ಖುಷಿಯನ್ನು ಇವತ್ತು ನಾನು ಕೊಡುವುದಿಲ್ಲ.

ಮ್ಯಾನೇಜರ್ ಓದಿದ್ದು ಇತಿಹಾಸ. ಇಪ್ಪತ್ತು ವರ್ಷದ ಹಿಂದೆ ಇದೇ ಆಫೀಸಿಗೆ ಟೇಪು ಹಿಡಿದು ಮಹಡಿ ಅಳೆಯುವ ಕೆಲಸಕ್ಕೆ ಬಂದಿದ್ದ. ಅಲ್ಲಿದ್ದ ಹಿರಿಯರೊಬ್ಬರು ದಿನಾ ಊಟದ ಹೊತ್ತಿನಲ್ಲಿ ಹಳೆಯ ಲಕೋಟೆಯ ಹಿಂದೆ ಬರೆದು ಕಲಿಸಿದರು: ಕಟ್ಟಡಕ್ಕೆ ಬಾಡಿಗೆ ಎಷ್ಟು ಬರುತ್ತದೆ, ಖರ್ಚು ಕಳೆದು ಎಷ್ಟು ಉಳಿಯುತ್ತದೆ, ಉಳಿದದ್ದನ್ನು ನೋಡಿ ಎಷ್ಟು ಬೆಲೆ ಕೊಡಬಹುದು. ಆಮೇಲೆ ಅಂದಿನ ಯಜಮಾನರ ಮುಂದೆ ನಿಂತು, "ಇವರನ್ನ ಲೆಕ್ಕದ ಕೆಲಸಕ್ಕೆ ತಗೊಳ್ಳಿ ಸಾರ್, ನಾನು ಕಲಿಸ್ತೀನಿ" ಎಂದರು. ಒಂದೇ ಮಾತು! ಅವನ ಇಪ್ಪತ್ತು ವರ್ಷ ಆ ಒಂದು ಮಾತಿನ ಮೇಲೆ ನಿಂತಿತ್ತು. ಈಗಿನ ಶ್ರೀಮಂತ ಆ ಯಜಮಾನರ ಮಗ. ಅವನಿಗೆ ಇದು ಗೊತ್ತಿಲ್ಲ. ಮ್ಯಾನೇಜರ್ ಹೇಳಲೂ ಇಲ್ಲ.

ಒಂದು ದಿನ ಅದೇ ಆಫೀಸಿಗೆ ಕೆಲಸ ಕೇಳಿಕೊಂಡು ಒಬ್ಬ ಹೆಣ್ಣುಮಗಳು ಬಂದಳು. ಓದಿದ್ದು ಕನ್ನಡ ಎಂ.ಎ. ಆರು ವರ್ಷ ಒಂದು ಆಫೀಸು ಕಟ್ಟಡದ ಉಸ್ತುವಾರಿ ನೋಡಿದವಳು. ಶ್ರೀಮಂತ ಆಗ ಯಾವ ಕಟ್ಟಡಕ್ಕೆ ಬಂಡವಾಳ ಹುಡುಕುತ್ತಿದ್ದಾನೆಂದು ಪತ್ರಿಕೆಯಲ್ಲಿ ಓದಿ, ಅದರ ಬಗ್ಗೆ ಎರಡು ಹಾಳೆ ಬರೆದು ತಂದಿದ್ದಳು.

"ಆ ಕಟ್ಟಡದ ನಾಲ್ಕನೇ ಮಹಡೀಲಿರೋ ಕಂಪನಿ ಖಾಲಿ ಮಾಡುತ್ತೆ ಸಾರ್," ಎಂದಳು. "ಮೂರು ದಿನ ಬೆಳಗ್ಗೆ ಲಿಫ್ಟ್ ಹತ್ರ ನಿಂತು ನೋಡ್ದೆ. ಮುಂಚೆ ದಿನಕ್ಕೆ ಇಪ್ಪತ್ತು ಕ್ಯಾನ್ ಕುಡಿಯೋ ನೀರು ತರಿಸ್ತಿದ್ರಂತೆ, ನೀರು ಹಾಕೋರೇ ಹೇಳಿದ್ರು. ಈಗ ಐದು. ಒಳಗೆ ಅಷ್ಟು ಜನಾನೇ ಇಲ್ಲ. ಬಾಡಿಗೆ ನಿಂತ್ರೆ ಕಟ್ಟಡಕ್ಕೆ ಆ ಬೆಲೆ ಬರಲ್ಲ."

ಶ್ರೀಮಂತ ನಕ್ಕ. "ಕ್ಯಾನ್ ಎಣಿಸೋಕೆ ನಮ್ಮಲ್ಲಿ ವಾಚ್‌ಮನ್ ಇದ್ದಾರಮ್ಮ. ನಿಂದು ಬಿ.ಕಾಂ. ಕೂಡ ಅಲ್ಲ. ಹೀಗೇ ಬಿಟ್ರೆ ನಾಳೆ ನಮ್ಮನೆ ಅಡುಗೆಯವ್ರೂ ಬಂದು ಕೂತ್ಕೋತಾರೆ. ಏನ್ರೀ ಮ್ಯಾನೇಜರೇ, ಹಣಕಾಸು ಓದದೆ ಈ ಕೆಲಸ ಆಗುತ್ತೇನ್ರೀ?"

ಮ್ಯಾನೇಜರನ ಗಂಟಲಿಗೆ ಬಂದಿತ್ತು, ನೋಡಿ. 'ನಾನು ಕಲಿಸ್ತೀನಿ ಸಾರ್.' ಅಷ್ಟೇ ಸಾಕಿತ್ತು. ಅವನು ಪೆನ್ನಿನ ಮುಚ್ಚಳ ತೆಗೆದ. ಹಾಕಿದ.

"ಕಷ್ಟ ಸಾರ್," ಎಂದ.

ಅವಳು ಬ್ಯಾಗು ಎತ್ತಿಕೊಂಡಳು. ಹಾಳೆಗಳು ಮೇಜಿನ ಮೇಲೇ ಉಳಿದವು. ಮ್ಯಾನೇಜರ್ ಬಾಗಿಲವರೆಗೆ ಹೋದ. ಅವಳು ತಗ್ಗಿದ ದನಿಯಲ್ಲಿ ಹೇಳಿದಳು: "ನಿಮಗೆ ಲಕೋಟೆ ಮೇಲೆ ಪಾಠ ಹೇಳಿದ್ರಲ್ಲ, ಅವರೇ ನನಗೂ ಹೇಳಿಕೊಟ್ಟಿದ್ದು. 'ಅಲ್ಲಿ ನಿನ್ನ ಹಾಗೇ ಹಣಕಾಸು ಓದದೆ ಬಂದವರೊಬ್ರು ಇದ್ದಾರೆ, ಹೆದರಬೇಡ' ಅಂದಿದ್ರು. ನೀವು ಹೇಗಿದ್ದೀರಿ ಅಂತ ಕೇಳಿದ್ರು ಸಾರ್."

ಅವಳಿಗೆ ಎಲ್ಲ ಗೊತ್ತಿತ್ತು! ಶ್ರೀಮಂತನ ಮುಂದೆ ಒಂದು ಮಾತು ಆಡಿದ್ದರೆ ಮ್ಯಾನೇಜರನ ಮಾನ ಹೋಗುತ್ತಿತ್ತು. ಅವಳು ಆಡಲಿಲ್ಲ.

ಮಾರನೆಯ ದಿನ ಶ್ರೀಮಂತ ಹೇಳಿದ: "ಆ ನೀರಿನ ವಿಷಯ ಒಂದ್ಸಲ ನೋಡ್ಕೊಂಡು ಬನ್ರಿ." ಮ್ಯಾನೇಜರ್ ಹೋಗಿ ಲಿಫ್ಟಿನ ಬಳಿ ನಿಂತು ಎಣಿಸಿದ. ಐದು.

ಎಣಿಸಿದ್ದು ಸರಿಯಿತ್ತು. ಎಣಿಸಿದವಳು ಬೇಕಿರಲಿಲ್ಲ.

ಈಗ ಹೇಳಿ, ಇಲ್ಲಿ ಕೂತಿರುವವರಲ್ಲಿ ಎಷ್ಟು ಜನರನ್ನು ಯಾರೋ ಒಬ್ಬರು ಒಂದು ಮಾತು ಹೇಳಿ ಒಳಗೆ ಕರೆದುಕೊಂಡಿದ್ದರು? ಕೈ ಎತ್ತಬೇಡಿ. ನೀವು ಎತ್ತುವುದಿಲ್ಲ, ನನಗೆ ಗೊತ್ತು. ಒಳಗೆ ಬಂದ ಮೇಲೆ ಅಗುಳಿ ಹಾಕಿಕೊಂಡವರು ನೀವು. ನಾಳೆ ಸೋಮವಾರ. ನಿಮ್ಮ ಮೇಜಿನ ಮುಂದೆಯೂ ಒಬ್ಬರು ಬಂದು ನಿಲ್ಲುತ್ತಾರೆ. 'ನಾನೂ ಹೀಗೇ ಬಂದವನು, ನಾನು ಕಲಿಸುತ್ತೇನೆ' ಎನ್ನಿ. ಯಜಮಾನನಿಗೆ ಕೇಳುವ ಹಾಗೆ ಎನ್ನಿ. ಆಗುವುದಿಲ್ಲವೇ? ಹಾಗಾದರೆ ಇಲ್ಲಿಗೆ ಬಂದು ಕಣ್ಣು ಮುಚ್ಚಿ ಕೂರಬೇಡಿ. ನಿಮ್ಮ ಆ ಮೌನವನ್ನು ನಾನು ಧ್ಯಾನ ಎಂದು ಕರೆಯುವುದಿಲ್ಲ.